ಬಸವನಗುಡಿಯ ಮಸ್ಟಾಂಗ್‌ಗೆ ಇಂಜಿನ್ ಯಾವ ವರ್ಷದ್ದು?

ಹೋದ ಭಾನುವಾರ ಬೆಳಗ್ಗೆ ಬಸವನಗುಡಿಲಿ ಗೆಳೆಯನ ಮಾವನ ಮನೆ ಶೆಡ್ಡಲ್ಲಿ, ಗೋಣಿಚೀಲ ಹಾಸ್ಕೊಂಡು ಕಾರಿನಡಿ ಮಲಗಿದ್ದೆ. ಫೋರ್ಡ್ ಮಸ್ಟಾಂಗ್, 1966ರ ಹಾರ್ಡ್‌ಟಾಪ್, ಸ್ಟೀರಿಂಗ್ ಎಡಗಡೆ. ಅಂಕಲ್‌ಗೆ ಅದನ್ನ ಮತ್ತೆ ರೋಡಿಗಿಳಿಸೋ ಆಸೆ, ಪಾರ್ಟ್ಸ್ ಎಲ್ಲಾ ಅಮೆರಿಕದಿಂದ ತರಿಸ್ಬೇಕು, ಆರ್ಡರ್ ಮಾಡೋಕೆ ಮುಂಚೆ ಒಳಗಿರೋದು ನಿಜವಾಗ್ಲೂ ಏನು ಅಂತ ಗೊತ್ತಾಗ್ಬೇಕಲ್ಲ, ಅದಕ್ಕೆ ನನ್ನ ಕರೆದಿದ್ರು. "ಒರಿಜಿನಲ್ 289 ಕಣಪ್ಪಾ, ಏರ್ ಕ್ಲೀನರ್ ಮೇಲೇ ಬರ್ದಿದೆ ನೋಡು" ಅಂದ್ರು. 289 ಅಂದ್ರೆ ಇಂಜಿನ್ ಸೈಜು, ಘನ ಇಂಚಿನ ಲೆಕ್ಕದಲ್ಲಿ. ಏರ್ ಕ್ಲೀನರ್ ಸ್ಟಿಕ್ಕರ್‌ನ ನಾನು ನಂಬಲ್ಲ. ಒಂದು ನಟ್ ಬಿಚ್ಚಿದ್ರೆ ಅದು ಕೈಗೆ ಬಂದ್ಬಿಡತ್ತೆ. ಎರಕದಲ್ಲಿ ಬಂದಿರೋ ಅಕ್ಷರ ಹಾಗಲ್ಲ, ಕಬ್ಬಿಣದ ಜೊತೆನೇ ಹುಟ್ಟಿರತ್ತೆ.

ಮೊದಲು ಚಾಸಿ ನಂಬರ್ ನೋಡಿದೆ. ಬಾನೆಟ್ ಎತ್ತಿದ್ರೆ ಎಡಗಡೆ ಒಳಮಡ್ಗಾರ್ಡಿನ ಮೇಲೆ ಕೊರೆದಿರತ್ತೆ. 6 ಆರ್ 07 ಸಿ ಅಂತ ಶುರು. 6 ಅಂದ್ರೆ 1966, ಆರ್ ಅಂದ್ರೆ ಸ್ಯಾನ್ ಹೋಸೆ ಫ್ಯಾಕ್ಟರಿ, 07 ಹಾರ್ಡ್‌ಟಾಪ್, ಸಿ ಅಂದ್ರೆ ಎರಡು ಬ್ಯಾರೆಲ್ ಕಾರ್ಬೊರೇಟರಿನ 289. ಅಲ್ಲಿಗೆ ಅಂಕಲ್ ಮಾತು ಸರಿ, ಕಾರು ಫ್ಯಾಕ್ಟರಿ ಬಿಟ್ಟಾಗ 289 ಇತ್ತು. ಡ್ರೈವರ್ ಡೋರಿನ ಪ್ಲೇಟಲ್ಲಿ ತಾರೀಕು 18 ಡಿ, ಅಂದ್ರೆ 18 ಏಪ್ರಿಲ್, ಆಮೇಲೆ ಆಕ್ಸಲ್ ಕೋಡ್ 6, ಗೇರ್‌ಬಾಕ್ಸ್ ಕೋಡೂ 6. ಇದಿಷ್ಟು ಜಾತಕ ಆಯ್ತು, ಇನ್ನು ಆಸಾಮಿನ ನೋಡ್ಬೇಕು.

289ಕ್ಕೂ ಅದೇ ಕುಟುಂಬದ ಸ್ವಲ್ಪ ದೊಡ್ಡ ಇಂಜಿನ್ 302ಕ್ಕೂ ಹೊರಗಡೆಯಿಂದ ಏನೂ ವ್ಯತ್ಯಾಸ ಕಾಣಲ್ಲ ಕಣ್ರೀ. ಬೋರ್, ಅಂದ್ರೆ ಸಿಲಿಂಡರಿನ ಅಗಲ, ಎರಡಕ್ಕೂ 4 ಇಂಚು, ಸ್ಟ್ರೋಕ್, ಅಂದ್ರೆ ಪಿಸ್ಟನ್ ಓಡಾಡೋ ದೂರ ಮಾತ್ರ ಒಂದಕ್ಕೆ 2.87, ಇನ್ನೊಂದಕ್ಕೆ 3 ಇಂಚು, ಅದಕ್ಕೇ ಕ್ರ್ಯಾಂಕೂ ಬೇರೆ ಕನೆಕ್ಟಿಂಗ್ ರಾಡೂ ಬೇರೆ, ತಪ್ಪು ತರಿಸಿದ್ರೆ ಕಸ್ಟಮ್ಸ್ ಕಟ್ಟಿ ತಂದಿದ್ದೆಲ್ಲ ನೀರಲ್ಲಿ ಹೋಮ. ಬ್ಲಾಕಿನ, ಅಂದ್ರೆ ಇಂಜಿನ್ನಿನ ಎರಕದ ಒಡಲಿನ ನಂಬರ್ ಇರೋದು ಬಲಗಡೆ ಹಿಂದೆ, ಸೆಲ್ಫ್ ಮೋಟರ್ ಮೇಲ್ಗಡೆ. ಮೋಟರ್ ಬಿಚ್ಚಿದೆ. ಅಲ್ಲಿ ಗ್ರೀಸು ಧೂಳು ಸೇರ್ಕೊಂಡು ಹಳೇ ಹುಣಸೆಹಣ್ಣಿನ ಥರ ಗಟ್ಟಿಯಾಗಿತ್ತು. ಬಿದಿರು ಕಡ್ಡಿಲಿ ಕೆರೆದು, ಸೀಮೆಎಣ್ಣೆ ಹಚ್ಚಿ, ಹಿತ್ತಾಳೆ ಬ್ರಷ್ಷಲ್ಲಿ ಉಜ್ಜಿ, ಬಟ್ಟೆಲಿ ಒರೆಸಿ ಒಣಗೋವರೆಗೂ ಕಾದೆ. ಕಬ್ಬಿಣದ ಬ್ರಷ್ಷು, ಗ್ರೈಂಡರ್ರು ಯಾವತ್ತೂ ಬೇಡ, ಅಕ್ಷರ ಸವೆದ್ರೆ ಮತ್ತೆ ಬರಲ್ಲ. ಆಮೇಲೆ ಸೀಮೆಸುಣ್ಣದ ತುಂಡನ್ನ ಅಡ್ಡ ಹಿಡ್ದು ಮೇಲಿಂದ ಮೆತ್ತಗೆ ಸವರಿದೆ. ಉಬ್ಬಿರೋದಕ್ಕೆ ಮಾತ್ರ ಬಿಳಿ ಹತ್ತತ್ತೆ. ಸಿ... 8... ಓ... ಇ. ಪಕ್ಕದಲ್ಲಿ 6015. ನನಗೆ ಎದೆ ಧಸಕ್ಕಂತು.

ಸಿ ಅಂದ್ರೆ ಅರವತ್ತರ ದಶಕ, 8 ಅಂದ್ರೆ 1968, ಓ ಫೋರ್ಡ್‌ನದೇ ಫೇರ್‌ಲೇನ್ ಸಾಲಿನ ಕಾರಿಗೆ ಡಿಸೈನ್ ಮಾಡಿದ್ದು, ಇ ಇಂಜಿನ್ ವಿಭಾಗ, 6015 ಬ್ಲಾಕು. 289 ಆಗಿದ್ರೆ ಸಿ5 ಅಥವಾ ಸಿ6 ಅಂತ ಇರ್ಬೇಕಿತ್ತು. ತುಂಬಾ ಜನ ಇಲ್ಲೇ ಎಡವೋದು, ಈ ನಂಬರ್ ಡಿಸೈನ್ ಆದ ವರ್ಷ ಹೇಳತ್ತೆ, ಎರಕ ಹೊಯ್ದ ದಿನ ಅಲ್ಲ, ಅದಕ್ಕೆ ಹತ್ತಿರದಲ್ಲೇ ಬೇರೆ ಚಿಕ್ಕ ಕೋಡ್ ಇರತ್ತೆ. ಇಲ್ಲಿದ್ದಿದ್ದು 8 ಜಿ 22. ತಿಂಗಳಿಗೆ ಎ ಇಂದ ಎಂ ತನಕ ಅಕ್ಷರ, ನಡುವೆ ಐ ಬಿಟ್ಟಿರ್ತಾರೆ, ಹಾಗಾಗಿ ಜಿ ಅಂದ್ರೆ ಜುಲೈ. 22 ಜುಲೈ 1968. ಕಾರು ಹುಟ್ಟಿ ಎರಡು ವರ್ಷ ಆದ್ಮೇಲೆ ಹುಟ್ಟಿದ ಬ್ಲಾಕು, 302.

ಇನ್ನೂ ಒಂದಿದೆ. 1968ರಿಂದ ಫೋರ್ಡ್‌ನೋರು ಕಾರಿನ ಚಾಸಿ ನಂಬರಿನ ಒಂದು ಭಾಗನ ಇಂಜಿನ್ ಮೇಲೂ ಕೊರೆಯೋಕೆ ಶುರು ಮಾಡಿದ್ರು. ಇನ್‌ಟೇಕ್ ಮ್ಯಾನಿಫೋಲ್ಡ್ ಹಿಂದೆ ಟಾರ್ಚ್ ಬಿಟ್ಟು ನೋಡಿದ್ರೆ ಮೊದಲನೇ ಅಂಕಿ 9. ಅಂಕಲ್‌ಗೆ ತಲೆ ಕೆಟ್ಟೋಯ್ತು, 68 ಅಂದೆ ಈಗ 9 ಅಂತೀಯ ಅಂತ. ಅಮೆರಿಕದಲ್ಲಿ ಮುಂದಿನ ವರ್ಷದ ಮಾಡೆಲ್ ಹಿಂದಿನ ವರ್ಷದ ಆಗಸ್ಟಿಂದಲೇ ಕಟ್ಟೋಕೆ ಶುರು, ಅದಕ್ಕೆ ಜುಲೈಲಿ ಎರಕ ಆದ ಬ್ಲಾಕು 1969ರ ಮಾಡೆಲ್ ಕಾರಿಗೆ ಹೋಗಿದೆ, ಲೆಕ್ಕ ಸರಿಯಾಗೇ ಇದೆ ಅಂಕಲ್ ಅಂದೆ.

ಅವರು ಪ್ಲಾಸ್ಟಿಕ್ ಕುರ್ಚಿ ಎಳ್ಕೊಂಡು ಕೂತ್ರು. ಸ್ವಲ್ಪ ಹೊತ್ತು ಬಿಟ್ಟು, "ಹಾಗಾದ್ರೆ ನಮ್ಮಪ್ಪ ಓಡಿಸಿದ್ದು ಯಾವ ಇಂಜಿನ್ನು?" ಅಂದ್ರು. ಅವರಪ್ಪ ಕಾರು ತಗೊಂಡಿದ್ದು 1979ರಲ್ಲಿ, ಆಮೇಲೆ ಇಂಜಿನ್ ಇಳಿಸಿದ್ದೇ ಇಲ್ವಂತೆ. "ಇದೇ ಅಂಕಲ್" ಅಂದೆ. ಹಾಗಿದ್ರೆ ಇದೇ ಇರ್ಲಿ ಅಂದ್ರು. ನನಗೂ ಅದೇ ಸರಿ ಅನ್ಸಿದ್ದು. ನಂಬರ್ ಉಜ್ಜಿ ಬೇರೆ ನಂಬರ್ ಹೊಡೆದು ಒರಿಜಿನಲ್ ಅಂತ ಮಾರೋರು ಇದಾರೆ, ಅದು ಮೋಸ, ಕಾರಿಗೂ ಮೋಸ ಕೊಳ್ಳೋರಿಗೂ ಮೋಸ.

ಗೇರ್‌ಬಾಕ್ಸ್ ಬೇಗ ಮುಗೀತು. ಕೆಳಗಿನ ಪ್ಯಾನಿಗೆ 11 ಬೋಲ್ಟು, ಅಂದ್ರೆ ಸಿ4 ಆಟೋಮ್ಯಾಟಿಕ್, ಸಿ6 ಆಗಿದ್ರೆ 17 ಇರೋದು. ಈ ಸಿ4, ಸಿ6 ಗೇರ್‌ಬಾಕ್ಸಿನ ಹೆಸರು, ಎರಕದ ನಂಬರ್ ಅಲ್ಲ. ಗೇರ್ ಲಿವರ್ ಹತ್ರ ಹಸಿರು ಚುಕ್ಕೆ ಇದೆ, ಅದು 1966ರ ತನಕ ಮಾತ್ರ. ಡೋರಿನ 6ಕ್ಕೆ ತಾಳೆ ಆಯ್ತು. ಆದ್ರೆ ಗೇರ್‌ಬಾಕ್ಸ್‌ದೂ ಆಕ್ಸಲ್‌ದೂ ತಗಡಿನ ಟ್ಯಾಗ್ ಎರಡೂ ಇಲ್ಲ. ಯಾವುದೋ ಗ್ಯಾರೇಜಲ್ಲಿ ಸೀಲ್ ಹಾಕೋವಾಗ ಬಿಚ್ಚಿ ಎಸೆದಿದಾರೆ, ನನಗೆ ಇವತ್ತಿಗೂ ಹೊಟ್ಟೆ ಉರಿಯತ್ತೆ. ದಯವಿಟ್ಟು ಆ ಚೂರು ತಗಡನ್ನ ಬೋಲ್ಟ್ ಜೊತೆಗೇ ವಾಪಸ್ ಹಾಕ್ಸಿ.

ಟ್ಯಾಗ್ ಇಲ್ದಿದ್ರೆ ಎಣಿಸ್ಬೇಕು. ಚಕ್ರಕ್ಕೆ ಐದು ನಟ್ಟು, ಅಂದ್ರೆ ವಿ8 ಕಾರಿನದ್ದೇ, ಆರು ಸಿಲಿಂಡರಿನದಕ್ಕೆ ನಾಲ್ಕು. ಆಕ್ಸಲ್ ಹೌಸಿಂಗಿನ ನಟ್ಟುಗಳಿಗೆಲ್ಲ ಬಾಕ್ಸ್ ಸ್ಪ್ಯಾನರ್ ನೇರವಾಗಿ ಕೂತ್ಕೊಳ್ತು, ಅಂದ್ರೆ 8 ಇಂಚಿನ ಆಕ್ಸಲ್, 9 ಇಂಚಿನದ್ರಲ್ಲಿ ಕೆಳಗಿನ ಎರಡಕ್ಕೆ ಕೂರಲ್ಲ. ಒಂದು ಹಿಂದಿನ ಚಕ್ರ ಮಾತ್ರ ಜಾಕಿ ಮೇಲೆ ಎತ್ತಿ, ನ್ಯೂಟ್ರಲ್‌ಗೆ ಹಾಕಿ, ಟೈರಿಗೂ, ಗೇರ್‌ಬಾಕ್ಸಿಂದ ಆಕ್ಸಲ್‌ಗೆ ಹೋಗೋ ಪ್ರೊಪೆಲರ್ ಶಾಫ್ಟಿಗೂ ಸೀಮೆಸುಣ್ಣದ ಗುರುತು ಹಾಕಿದ್ವಿ. ಒಂದೇ ಚಕ್ರ ತಿರುಗೋದ್ರಿಂದ ಅದರ 20 ಸುತ್ತು ಆಕ್ಸಲ್ ಒಳಗಿನ ಕ್ರೌನ್ ಗೇರಿಗೆ 10 ಸುತ್ತಿನ ಲೆಕ್ಕ. ಅಂಕಲ್ ಚಕ್ರ ತಿರುಗಿಸಿದ್ರು, ನಾನು ಕೆಳಗೆ ಮಲಗಿ ಶಾಫ್ಟ್ ಎಣಿಸಿದೆ. 28 ಬಂತು. ಡೋರ್ ಪ್ಲೇಟಲ್ಲಿರೋ ಆಕ್ಸಲ್ ಕೋಡ್ 6 ಅಂದ್ರೆ 2.80, ಕ್ರೌನ್ ಒಂದು ಸುತ್ತಿಗೆ ಶಾಫ್ಟ್ 2.80 ಸುತ್ತು. "ಇನ್ನೊಂದ್ಸಲ ತಿರುಗಿಸ್ಲಾ?" ಅಂದ್ರು ಅಂಕಲ್. ತಿರುಗಿಸಿದ್ರು, ಮತ್ತೆ 28.