ಹಿತ್ತಲಲ್ಲಿ ಮೂರು ರಾತ್ರಿ, ಮೈನಸ್ 26ರವರೆಗೆ

ಫೆಬ್ರವರಿಯಲ್ಲಿ ಅಮೆರಿಕದ ಉತ್ತರ ಮಿನೆಸೋಟದಲ್ಲಿರುವ ಬೌಂಡರಿ ವಾಟರ್ಸ್ ಎಂಬ ಕೆರೆಗಳ ಕಾಡಿಗೆ ಹೋಗಿ, ಹೆಪ್ಪುಗಟ್ಟಿದ ಕೆರೆಯ ಪಕ್ಕ ಎರಡು ರಾತ್ರಿ ಟೆಂಟಲ್ಲಿ ಮಲಗಬೇಕು ಅಂತ ಆಸೆ. ಅಲ್ಲಿನ ಚಳಿ ಹುಡುಗಾಟ ಅಲ್ಲ. ಅದೇ ಸೀಮೆಯ ಟವರ್ ಊರಿನ ಹತ್ತಿರ 1996ರ ಫೆಬ್ರವರಿ 2ರಂದು ಮೈನಸ್ 51 ಡಿಗ್ರಿ ಸೆಲ್ಸಿಯಸ್ ಆಗಿತ್ತು. ಅದಕ್ಕೇ ಮೊದಲು ಹಿತ್ತಲಲ್ಲಿ ಪರೀಕ್ಷೆ. ಸೋತರೆ ಅಡುಗೆಮನೆ ಬಾಗಿಲು ಹದಿನೈದೇ ಹೆಜ್ಜೆ.

ಡಿಸೆಂಬರ್ 14, ಮೈನಸ್ 11. ಸೋತೆ. ಸ್ಲೀಪಿಂಗ್ ಬ್ಯಾಗ್ ಮೇಲೆ ಮೈನಸ್ 18 ಅಂತ ಬರೆದಿತ್ತು, ಅದನ್ನು ನಂಬಿದ್ದೆ. ಆಮೇಲೆ ನೋಡಿದರೆ ಅದು 'ಲಿಮಿಟ್' (ಮುದುರಿಕೊಂಡು ಹೇಗೋ ತಡೆದುಕೊಳ್ಳಬಹುದಾದ ಕೊನೆ), 'ಕಂಫರ್ಟ್' (ಹಾಯಾಗಿ ಮಲಗಬಹುದಾದ ಮಟ್ಟ) ಅಲ್ಲ. ಆದರೆ ಹೊಡೆತ ಬಿದ್ದಿದ್ದು ಬೆನ್ನಿಗೆ. ನಮ್ಮ ಭಾರಕ್ಕೆ ಬ್ಯಾಗಿನ ಕೆಳಭಾಗದ ಪುಕ್ಕ ಚಪ್ಪಟೆಯಾಗುತ್ತದೆ, ಅಲ್ಲಿ ಕಾಯುವುದು ಮ್ಯಾಟ್ ಒಂದೇ. ನನ್ನದು ಬೇಸಿಗೆಯ ತೆಳು ಮ್ಯಾಟ್. ರಾತ್ರಿ ಎರಡಕ್ಕೆ ಒಳಗೆ ಓಡಿದೆ. ಮನೆಯವಳು ಏನೂ ಕೇಳಲಿಲ್ಲ, ಸುಮ್ನೆ ರಗ್ಗು ಸರಿಸಿ ಜಾಗ ಬಿಟ್ಟಳು.

ಜನವರಿ 4, ಮೈನಸ್ 19. ಕೆಳಗೆ ಫೋಮ್ ಮ್ಯಾಟ್, ಅದರ ಮೇಲೆ ಗಾಳಿ ತುಂಬುವ ಹೊಸ ಮ್ಯಾಟ್. ಆರ್-ವ್ಯಾಲ್ಯೂ, ಅಂದರೆ ಮ್ಯಾಟ್ ಎಷ್ಟು ಚಳಿ ತಡೆಯುತ್ತದೆ ಅನ್ನುವ ಅಳತೆ, ಕೂಡಿಸಿಕೊಳ್ಳಬಹುದು: 2 ಮತ್ತು 4.5, ಒಟ್ಟು 6.5. ಬೆನ್ನು ಬೆಚ್ಚಗಿತ್ತು! ಆದರೆ ಮೂಗು ಚಳಿ ಅಂತ ಮುಖವನ್ನೂ ಬ್ಯಾಗಿನೊಳಗೆ ಎಳೆದುಕೊಂಡೆ. ಉಸಿರಿನ ತೇವಕ್ಕೆ ಬೆಳಿಗ್ಗೆ ಕುತ್ತಿಗೆ ಹತ್ತಿರದ ಪುಕ್ಕವೆಲ್ಲ ಒದ್ದೆ ಮುದ್ದೆ. ಕಾಫಿಗೂ ಕಲ್ಲು ಬಿತ್ತು. ಸೊನ್ನೆಗಿಂತ ಕೆಳಗೆ ಡಬ್ಬಿಯೊಳಗಿನ ಬ್ಯೂಟೇನ್ ಅನಿಲ ಸರಿಯಾಗಿ ಆವಿಯಾಗುವುದಿಲ್ಲ, ಸ್ಟವ್ ಮುಖ ತಿರುಗಿಸಿತು. ಗೆಳೆಯನ ವೈಟ್ ಗ್ಯಾಸ್ (ಹೆಸರು ಹಾಗಿದ್ದರೂ ಪೆಟ್ರೋಲಿನಂಥ ದ್ರವ ಇಂಧನ) ಸ್ಟವ್ ಎರವಲು ತಂದಿದ್ದೇನೆ.

ಜನವರಿ 18, ಮೈನಸ್ 26. ಈ ಸಲ ಮುಖ ಹೊರಗೆ, ಮೂಗಿಗೆ ಉಣ್ಣೆ ಮಫ್ಲರ್. ಮಲಗುವ ಮುಂಚೆ ತುಪ್ಪ ಜಾಸ್ತಿ ಹಾಕಿದ ಬಿಸಿಬೇಳೆಭಾತ್. ಕುದಿಯುವ ನೀರು ತುಂಬಿದ ಗಟ್ಟಿ ಬಾಟಲಿಗೆ ಕಾಲುಚೀಲ ತೊಡಿಸಿ ತೊಡೆಗಳ ನಡುವೆ ಇಟ್ಟುಕೊಂಡೆ. ಇದರಷ್ಟು ಸುಖ ಇನ್ನೊಂದಿಲ್ಲ. ಮುಚ್ಚಳ ಮಾತ್ರ ಮೂರು ಸಲ ನೋಡಿ, ಒಳಗೆ ಸೋರಿದರೆ ಕಥೆ ಮುಗಿಯಿತು. ಮೂರು ಗಂಟೆಗೆ ಎಚ್ಚರವಾಗಿ ಎರಡು ಚಿಕ್ಕಿ ತಿಂದೆ, ಸ್ವಲ್ಪ ಹೊತ್ತಿಗೆ ಮೈ ಮತ್ತೆ ಬಿಸಿಯಾಯಿತು. ಒಟ್ಟು ಐದು ಗಂಟೆ ನಿದ್ದೆ.

ಬೆರಳುಗಳು ಮಾತ್ರ ಇನ್ನೂ ಕೈಕೊಡುತ್ತಿವೆ. ಕಾಲಿನವು. ಎರಡು ಜೊತೆ ಕಾಲುಚೀಲ ಬಿಗಿಯಾಗಿ ಹಾಕಿದ್ದೇ ತಪ್ಪಿರಬೇಕು, ರಕ್ತ ಓಡಲು ಜಾಗ ಬೇಡವಾ? ಬೂಟಿನ ಒಳಪದರ ಬೇರೆ ಬೆಳಿಗ್ಗೆ ಮರದ ತುಂಡಿನಂತಾಗಿತ್ತು. ಮುಂದಿನ ಸಲ ಸಡಿಲವಾದ ಒಂದೇ ಜೊತೆ, ಒಳಪದರವೂ ನನ್ನ ಜೊತೆ ಬ್ಯಾಗಿನೊಳಗೆ. ಶುಕ್ರವಾರ ರಾತ್ರಿ ಮೈನಸ್ 30 ಅಂತಿದೆ ಮುನ್ಸೂಚನೆ.