ಈ ಕುದುರೆ ಪ್ರಿಂಟ್ ಅಸಲಿಯೇ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಹರಾಜಿನಲ್ಲಿ ನಾನು ಕೊಂಡ ಹಳೆಯ ಅಮೆರಿಕನ್ ಕುದುರೆ ಚಿತ್ರಗಳನ್ನು ನೋಡಿದವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಇದು ಅಸಲಿ ಅಂತ ಹೇಗೆ ಗೊತ್ತಾಗುತ್ತೆ?" ಅಚ್ಚಾದ ಚಿತ್ರ ಅಂದಮೇಲೆ ಅಸಲಿ, ನಕಲಿ ಅನ್ನುವ ಮಾತಾದರೂ ಎಲ್ಲಿಂದ ಬಂತು ಅನ್ನುವುದು ಅದರ ಬೆನ್ನಿಗೇ ಬರುವ ಅನುಮಾನ. ನನ್ನ ಉತ್ತರ ಇಷ್ಟೇ: ಕುದುರೆಯನ್ನು ಆಮೇಲೆ ನೋಡಿ, ಮೊದಲು ಕಾಗದ ನೋಡಿ, ಕುದುರೆಯ ಕೆಳಗಿರುವ ಅಕ್ಷರ ಓದಿ.

ಬೆಂಗಳೂರಿನ ರೇಸ್‌ಕೋರ್ಸ್ ಕಂಡವರಿಗೆ ರೇಸ್ ಎಂದರೆ ಬೆನ್ನೇರಿದ ಜಾಕಿ, ನಾಗಾಲೋಟ. ಈ ಚಿತ್ರಗಳಲ್ಲಿರುವ ಹಾರ್ನೆಸ್ ರೇಸಿಂಗ್ ಬೇರೆಯೇ. ಕುದುರೆಯ ಹಿಂದೆ ಸಲ್ಕಿ ಎಂಬ ಎರಡು ಚಕ್ರದ ಹಗುರ ಗಾಡಿ, ಅದರಲ್ಲಿ ಕೂತ ಚಾಲಕ. ಟ್ರಾಟಿಂಗ್ ಓಟಗಳಲ್ಲಿ ಕುದುರೆ ಟ್ರಾಟ್ ನಡೆಯಲ್ಲೇ ಓಡಬೇಕು: ಬಲ ಮುಂಗಾಲಿನ ಜೊತೆ ಎಡ ಹಿಂಗಾಲು, ಎಡ ಮುಂಗಾಲಿನ ಜೊತೆ ಬಲ ಹಿಂಗಾಲು. ಆವೇಶದಲ್ಲಿ ನಾಗಾಲೋಟಕ್ಕೆ ಬಿದ್ದರೆ ಚಾಲಕ ಲಗಾಮು ಎಳೆದು ಮತ್ತೆ ಟ್ರಾಟಿಗೆ ತರಬೇಕು, ಅಷ್ಟರಲ್ಲಿ ಉಳಿದವರು ಮುಂದೆ ಹೋಗಿರುತ್ತಾರೆ. ಹತ್ತೊಂಬತ್ತನೆಯ ಶತಮಾನದ ಅಮೆರಿಕಕ್ಕೆ ಇದರ ಹುಚ್ಚು ಹಿಡಿದಿತ್ತು. ಆ ಹುಚ್ಚನ್ನು ಮನೆಮನೆಯ ಗೋಡೆಗೆ ತಂದದ್ದು ನ್ಯೂಯಾರ್ಕಿನ ಕರಿಯರ್ ಅಂಡ್ ಐವ್ಸ್.

ನಥಾನಿಯೆಲ್ ಕರಿಯರ್ 1830ರ ದಶಕದಲ್ಲಿ ಶುರುಮಾಡಿದ ಅಚ್ಚುಕೂಟಕ್ಕೆ ಜೇಮ್ಸ್ ಐವ್ಸ್ 1857ರಲ್ಲಿ ಪಾಲುದಾರನಾದ. 1907ರಲ್ಲಿ ಬಾಗಿಲು ಮುಚ್ಚುವ ಹೊತ್ತಿಗೆ ಅಲ್ಲಿ ಅಚ್ಚಾಗಿದ್ದ ಬೇರೆಬೇರೆ ಚಿತ್ರಗಳು 7,000ಕ್ಕೂ ಹೆಚ್ಚು. ಕಲಾವಿದ ಜಿಡ್ಡಿನ ಕಡ್ಡಿಯಲ್ಲಿ ಕಲ್ಲಿನ ಮೇಲೆ ಬರೆಯುತ್ತಿದ್ದ. ಕಪ್ಪು ಶಾಯಿಯಲ್ಲಿ ಅಚ್ಚಾದ ಹಾಳೆ ಸಾಲಾಗಿ ಕೂತ ಹೆಂಗಸರ ಕೈಯಿಂದ ಕೈಗೆ ಹೋಗುತ್ತಿತ್ತು, ಒಬ್ಬೊಬ್ಬರದು ಒಂದೊಂದೇ ಬಣ್ಣ. ಅಸಲಿ ಎಂದರೆ ಹೀಗೆ ಆ ಕಾಲದಲ್ಲಿ, ಆ ಕಲ್ಲಿನಿಂದ ಬಂದ ಹಾಳೆ. ಅದನ್ನೇ ಫೋಟೋ ತೆಗೆದು ನಂತರದವರು ಅಚ್ಚುಹಾಕಿದ್ದು ನಕಲು. ಟ್ರಾವೆಲರ್ಸ್ ವಿಮಾ ಕಂಪನಿ ಈ ಚಿತ್ರಗಳನ್ನು ಹಾಕಿ ಎಷ್ಟೋ ವರ್ಷ ಕ್ಯಾಲೆಂಡರ್ ಹಂಚಿತ್ತು. ಅದರ ಹಾಳೆಗಳನ್ನು ಕತ್ತರಿಸಿ ಕಟ್ಟುಹಾಕಿಸಿದವು ಇಂದೂ ಹರಾಜಿಗೆ ಬರುತ್ತವೆ. ಮಾರುವವರಿಗೂ ಎಷ್ಟೋ ಸಲ ಅದು ಗೊತ್ತಿರುವುದಿಲ್ಲ.

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಇಟ್ಟು ನೋಡಿ. ಆಕಾಶದ ಜಾಗದಲ್ಲಿ ಸಾಲುಕಟ್ಟಿದ ಚುಕ್ಕಿಗಳು, ಬಣ್ಣಬಣ್ಣದ ಪುಟ್ಟ ಗುಂಪುಗಳು ಕಂಡರೆ ಅದು ಆಫ್‌ಸೆಟ್, ಅಂದರೆ ಫೋಟೋದಿಂದ ಯಂತ್ರದಲ್ಲಿ ಅಚ್ಚಾದ ನಕಲು, ಅಲ್ಲಿಗೆ ಮುಗಿಯಿತು. ಅಸಲಿಯಲ್ಲಿ ಕಲ್ಲಿನ ತರಿ ಕಾಣುತ್ತದೆ, ಒಂದು ಕಣ ಇದ್ದಹಾಗೆ ಇನ್ನೊಂದು ಇರುವುದಿಲ್ಲ. ಕುಂಚದ ಬಣ್ಣ ಅಲ್ಲಲ್ಲಿ ಗೆರೆ ದಾಟಿರುತ್ತದೆ, ಅಂಚಿನಲ್ಲಿ ನೀರು ನಿಂತು ಒಣಗಿ ಗಾಢವಾಗಿರುತ್ತದೆ. ಹಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಕುದುರೆಯ ಕಡುಬಣ್ಣದ ಮೈಯಲ್ಲಿ ಎಷ್ಟೋ ಸಲ ಗೋಂದಿನ ಹೊಳಪು ಕಾಣುತ್ತದೆ. ಅಳತೆಯನ್ನೂ ಬಿಡಬೇಡಿ: ಇವುಗಳಲ್ಲಿ ದೊಡ್ಡ ಅಳತೆಯವನ್ನು ದೊಡ್ಡ ಫೋಲಿಯೋ ಅನ್ನುತ್ತಾರೆ, ಹಾಗೆಂದರೆ ಚಿತ್ರವೇ 14×20 ಇಂಚಿಗಿಂತ ದೊಡ್ಡದು.

ಇನ್ನು ಅಕ್ಷರ. ನನಗೆ ಈ ಚಿತ್ರಗಳ ಜೀವ ಇರುವುದೇ ಅಲ್ಲಿ. ಕುದುರೆಯ ಹೆಸರು, ಒಂದು ಮೈಲಿಗೆ ತೆಗೆದುಕೊಂಡ ಸಮಯ, ಕೆಲವದರಲ್ಲಿ ಚಾಲಕನ ಹೆಸರು. ಮಾಡ್ ಎಸ್. ಎಂಬ ಕೆಂಗಂದು ಹೆಣ್ಣುಕುದುರೆಯನ್ನು ತೆಗೆದುಕೊಳ್ಳಿ. 1880ರಲ್ಲಿ ಅವಳ ದಾಖಲೆ 2:10¾ (ಎರಡು ನಿಮಿಷ ಹತ್ತೂಮುಕ್ಕಾಲು ಸೆಕೆಂಡು), ಮರುವರ್ಷ 2:10¼, 1884ರಲ್ಲಿ 2:09¼, 1885ರಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ 2:08¾. ನಿಮ್ಮ ಕೈಯಲ್ಲಿರುವ ಹಾಳೆಯ ಕೆಳಗೆ 2:08¾ ಎಂದಿದ್ದರೆ ಅದು 1885ಕ್ಕಿಂತ ಹಿಂದಿನದಾಗಲು ಸಾಧ್ಯವೇ ಇಲ್ಲ, ಮಾರುವವರು ಏನೇ ಹೇಳಲಿ. ರೈಲ್ವೆ ಸಿರಿವಂತ ವಿಲಿಯಂ ವ್ಯಾಂಡರ್‌ಬಿಲ್ಟ್ 1884ರಲ್ಲಿ ಅವಳನ್ನು 40,000 ಡಾಲರಿಗೆ ಪತ್ರಿಕೆಯೊಡೆಯ ರಾಬರ್ಟ್ ಬಾನರ್‌ಗೆ ಮಾರಿದ. ಬಾನರ್ ತನ್ನ ಕುದುರೆಗಳನ್ನು ಎಂದೂ ಹಣಕ್ಕೆ ಓಡಿಸಿದವನಲ್ಲ, ಗಡಿಯಾರದ ಎದುರು ಓಡಿಸಿದ. ಅಡಿಬರಹದ ಆ ಒಂದು ಅಂಕಿಯ ಹಿಂದೆ ಇಷ್ಟೆಲ್ಲ ಇದೆ.

ಗಾಡಿಯ ಚಕ್ರವೂ ಕಾಲ ಹೇಳುತ್ತದೆ. 1892ರವರೆಗೆ ಸಲ್ಕಿಗೆ ಎತ್ತರದ ಕಡ್ಡಿಚಕ್ರ. ಆ ವರ್ಷ ಗಾಳಿ ತುಂಬಿದ ಟೈರಿನ ಸೈಕಲ್ ಚಕ್ರ ಬಂತು, ನ್ಯಾನ್ಸಿ ಹ್ಯಾಂಕ್ಸ್ ಎಂಬ ಹೆಣ್ಣುಕುದುರೆ ಅದೇ ವರ್ಷ ದಾಖಲೆಯನ್ನು 2:04ಕ್ಕೆ ಇಳಿಸಿದಳು.

ಹರಾಜಿನಲ್ಲಿ ಕೂಗುವ ಮೊದಲು ಎರಡು ವಿಷಯ ಬರವಣಿಗೆಯಲ್ಲಿ ಕೇಳಿ: ಹಾಳೆಯನ್ನು ಕಟ್ಟಿನಿಂದ ಹೊರತೆಗೆದು ನೋಡಿದ್ದಾರೆಯೇ, ನಾಲ್ಕೂ ಕಡೆ ಅಂಚು ಎಷ್ಟು ಉಳಿದಿದೆ. ಹಳೆಯ ಕಟ್ಟಿಗೆ ಸರಿಹೊಂದಲಿ ಎಂದು ಅಂಚನ್ನು, ಒಮ್ಮೊಮ್ಮೆ ಅಡಿಬರಹವನ್ನೇ ಕತ್ತರಿಸಿರುತ್ತಾರೆ. ಹಿಂಬದಿಗೆ ಮರದ ಹಲಗೆ ಕೊಟ್ಟಿದ್ದರೆ ಅದರ ಆಮ್ಲ ಕಾಗದಕ್ಕೆ ಇಳಿದು ಕಂದು ಪಟ್ಟೆ ಮೂಡಿರುತ್ತದೆ. ಸಣ್ಣ ಕಲೆಗಳನ್ನು ನುರಿತವರು ತಿಳಿಗೊಳಿಸಬಲ್ಲರು, ಕತ್ತರಿಸಿದ ಅಕ್ಷರ ಮರಳಿ ಬರುವುದಿಲ್ಲ. ಅಡಿಬರಹವಿಲ್ಲದ ಹಾಳೆಯನ್ನು ನಾನು ಎಷ್ಟು ಅಗ್ಗಕ್ಕೆ ಸಿಕ್ಕರೂ ಬಿಡುತ್ತೇನೆ. ಸುತ್ತಿಗೆ ಬಿದ್ದ ಬೆಲೆಯೇ ಕೊನೆಯ ಬೆಲೆಯೂ ಅಲ್ಲ. ಹರಾಜು ಮನೆ ಕೊಳ್ಳುವವರಿಂದ ಪಡೆಯುವ ಹೆಚ್ಚುವರಿ ಶುಲ್ಕವಾದ ಪ್ರೀಮಿಯಂ ಅನ್ನು ಶೇ. 25 ಹಾಕಿದರೆ 400 ಡಾಲರಿನ ಕೂಗು 500 ಆಗುತ್ತದೆ, ತೆರಿಗೆ ಮತ್ತು ಸಾಗಣೆ ಬೇರೆ.

ಒಂದು ಮಾತು ಹೇಳಲೇಬೇಕು. ಇದೇ ಅಚ್ಚುಕೂಟ ಕಪ್ಪು ಜನರನ್ನು ಹೀನಾಯವಾಗಿ ಗೇಲಿಮಾಡುವ ಡಾರ್ಕ್‌ಟೌನ್ ಸರಣಿಯನ್ನೂ ಹೊರತಂದಿತು, ಅದರಲ್ಲಿ ಕುದುರೆ ಓಟಗಳೂ ಇವೆ. ಆ ಕಾಲದಲ್ಲಿ ಅವು ಬಿಸಿಬಿಸಿಯಾಗಿ ಮಾರಾಟವಾದವು. ವಸ್ತುಸಂಗ್ರಹಾಲಯ ಅವನ್ನು ಇಟ್ಟುಕೊಂಡು ವಿವರಿಸಲಿ, ಅದು ಸರಿ. ಅವು ನನ್ನ ಮನೆಯ ಗೋಡೆಗೆ ಬರುವುದಿಲ್ಲ.

ಹೊಸದಾಗಿ ಶುರುಮಾಡುವವರು ಹಣ ಬಿಚ್ಚುವ ಮೊದಲು ನ್ಯೂಯಾರ್ಕ್ ರಾಜ್ಯದ ಗೋಶನ್ ಊರಿಗೆ ಹೋಗಿಬನ್ನಿ. ಹಳೆಯ ಕುದುರೆಲಾಯವೊಂದರಲ್ಲಿ 1951ರಿಂದ ಹಾರ್ನೆಸ್ ರೇಸಿಂಗ್ ಮ್ಯೂಸಿಯಂ ಇದೆ, ಪಕ್ಕದಲ್ಲೇ 1838ರ ಓಟದ ಅಂಗಳ. ಅಲ್ಲಿನ ಗೋಡೆಗಳ ಮುಂದೆ ಅರ್ಧ ದಿನ ನಿಂತ ಕಣ್ಣಿಗೆ ಕ್ಯಾಲೆಂಡರ್ ಹಾಳೆ ದೂರದಿಂದಲೇ ಗೊತ್ತಾಗುತ್ತದೆ.