ತನ್ನ ಚಿತ್ರವನ್ನೇ ಮಾರಿಬಿಡಿ ಅಂದವಳನ್ನು ನೋಡಲು ವಾಷಿಂಗ್ಟನ್‌ಗೆ

ವಾಷಿಂಗ್ಟನ್‌ಗೆ ಹೋದವರೆಲ್ಲ ವೈಟ್ ಹೌಸ್ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ, ನಾವೂ ತೆಗೆಸಿಕೊಂಡೆವು. ಆದರೆ ನನಗೆ ನೋಡಲೇಬೇಕು ಅಂತಿದ್ದದ್ದು ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯ ಒಂದು ಚಿತ್ರ. ಫ್ರೆಂಚ್ ಕಲಾವಿದ ಎಡ್ಗರ್ ಡೆಗಾ ತನ್ನ ಗೆಳತಿ, ಕಲಾವಿದೆ ಮೇರಿ ಕಸಾಟ್‌ಳನ್ನು ಕೂರಿಸಿಕೊಂಡು ಬರೆದದ್ದು.

ಗ್ಯಾಲರಿ ಪ್ಲೇಸ್ ಮೆಟ್ರೋದಿಂದ ಮೇಲೆ ಬಂದರೆ ಅಲ್ಲೇ ದೊಡ್ಡ ಕಂಬಗಳ ಕಟ್ಟಡ. ಟಿಕೆಟ್ ಇಲ್ಲ. ಹಿಂದೆ ಇದು ಪೇಟೆಂಟ್ ಆಫೀಸು, ಅಮೆರಿಕದ ಅಂತರ್ಯುದ್ಧದಲ್ಲಿ ಗಾಯಗೊಂಡ ಸೈನಿಕರನ್ನು ಇಲ್ಲೇ ಮಲಗಿಸಿದ್ದರಂತೆ.

ಚಿತ್ರ ದೊಡ್ಡದೇನಲ್ಲ. 1880ರಿಂದ 1884ರ ನಡುವಿನದು. ಗಾಢ ಬಣ್ಣದ ಉಡುಪು, ತಲೆಗೆ ಟೋಪಿ. ಮುಂದಕ್ಕೆ ಬಾಗಿ, ಕೈಗಳನ್ನು ತೊಡೆಯ ಮೇಲೆ ಊರಿ ಕೂತಿದ್ದಾಳೆ, ಕೈಯಲ್ಲಿ ಇಸ್ಪೀಟಿನ ಎಲೆಗಳ ಹಾಗೆ ಹರಡಿದ ಕಾರ್ಡುಗಳು (ಅವು ಫೋಟೋಗಳು ಅನ್ನುವವರೂ ಇದ್ದಾರೆ). ಪೋಸು ಕೊಟ್ಟ ಹಾಗೇ ಇಲ್ಲ. ಏನೋ ಮಾತಾಡುತ್ತಿದ್ದವಳು ಸುಮ್ನೆ ಒಂದು ಕ್ಷಣ ನಿಲ್ಲಿಸಿದಂತಿದೆ. ಮುಖದಲ್ಲಿ ಸ್ವಲ್ಪ ದಣಿವು, ಜಾಸ್ತಿ ಬುದ್ಧಿ.

ಪೆನ್ಸಿಲ್ವೇನಿಯಾದಿಂದ ಬಂದು ಪ್ಯಾರಿಸ್‌ನಲ್ಲಿ ನೆಲೆಸಿದ್ದ ಕಸಾಟ್‌ಳನ್ನು 1877ರಲ್ಲಿ ಇಂಪ್ರೆಷನಿಸ್ಟರ (ಆ ಕ್ಷಣದ ಬೆಳಕು, ಬಣ್ಣ ಹಿಡಿಯಲು ಹೊರಟ ಹೊಸ ಬಗೆಯ ಕಲಾವಿದರ) ಗುಂಪಿಗೆ ಕರೆದವನು ಇದೇ ಡೆಗಾ. ಚಿತ್ರ ಬಹಳ ವರ್ಷ ಆಕೆಯ ಹತ್ತಿರವೇ ಇತ್ತು. ಆಮೇಲೆ, ವಯಸ್ಸಾದ ಕಾಲಕ್ಕೆ, ಚಿತ್ರಗಳ ವ್ಯಾಪಾರಿ ಡ್ಯುರಾಂಡ್-ರುಯೆಲ್‌ಗೆ ಕಾಗದ ಬರೆದು, ಇದನ್ನು ಮಾರಿಬಿಡಿ, ಕಲೆ ಇದೆ ನಿಜ, ಆದರೆ ನೋಡಲು ಹಿಂಸೆ, ನನ್ನನ್ನು ಅಷ್ಟು ಅಸಹ್ಯವಾಗಿ ತೋರಿಸಿದೆ, ನಾನೇ ಕೂತಿದ್ದೆ ಅಂತ ಯಾರಿಗೂ ಗೊತ್ತಾಗಬಾರದು ಅಂದಳು. ಈಗ ಅದು ಆಕೆಯ ದೇಶದ ರಾಜಧಾನಿಯಲ್ಲೇ ಇದೆ, ಪಕ್ಕದಲ್ಲಿ ದೊಡ್ಡದಾಗಿ ಹೆಸರು. ಪಾಪ ಅಲ್ವಾ!

ಅಲ್ಲಿಂದ ಸೆವೆಂತ್ ಸ್ಟ್ರೀಟ್‌ನಲ್ಲಿ ಸ್ವಲ್ಪ ಕೆಳಗೆ ನಡೆದರೆ ನ್ಯಾಷನಲ್ ಗ್ಯಾಲರಿ ಆಫ್ ಆರ್ಟ್. ಅಲ್ಲಿ ಕಸಾಟ್ 1878ರಲ್ಲಿ ಬರೆದ, ನೀಲಿ ಕುರ್ಚಿಯ ಪುಟ್ಟ ಹುಡುಗಿ ಇದ್ದಾಳೆ. ಕಾಲು ಅಗಲಿಸಿಕೊಂಡು, ಒಂದು ಕೈ ತಲೆಯ ಹಿಂದೆ ಹಾಕಿ, ಬೇಜಾರಾಗಿ ಒರಗಿದ್ದಾಳೆ. ಡೆಗಾ ಇದರ ಹಿನ್ನೆಲೆಗೆ ಕೈ ಹಾಕಿದ್ದನಂತೆ. ಆ ಮಗುವನ್ನು ಅದರಿಷ್ಟಕ್ಕೆ ಕೂರಲು ಬಿಟ್ಟವಳೇ ತಾನು ಬಾಗಿ ಕೂತದ್ದನ್ನು ಸಹಿಸಲಿಲ್ಲ. ನನಗಂತೂ ಎರಡೂ ಒಂದೇ ಮನೆಯ ಚಿತ್ರಗಳು ಅನ್ನಿಸಿತು.

ಹೋಗುವವರು ನ್ಯಾಷನಲ್ ಗ್ಯಾಲರಿ ಮೊದಲು ಮುಗಿಸಿ, ಅದು ಸಂಜೆ 5ಕ್ಕೇ ಮುಚ್ಚುತ್ತದೆ. ಪೋರ್ಟ್ರೇಟ್ ಗ್ಯಾಲರಿ 7ರವರೆಗೆ ಇರುತ್ತದೆ, ಕಾಲು ನೋವು ಬಂದರೆ ಗಾಜಿನ ಚಾವಣಿಯ ಅಂಗಳದಲ್ಲಿ ಕೂರಬಹುದು.